ಚಾಲೂ ಇಟ್ಟ ಆಟ

ಕುಷಾಯಿಗೂಡ, ಹೈದರಾಬಾದ್
4 ಫೆಬ್ರುವರಿ 2024

ಅಮರಯ್ಯ ಅಣ್ಣನವರಿಗೆ ಅನ್ನಮ್ಮನ ನಮಸ್ಕಾರ.

ಈಗ ಸಂಜೆ ಆರು ಗಂಟೆ ಹತ್ತು ನಿಮಿಷ. ಇವತ್ತು ಹಾಸ್ಟೆಲಿನಲ್ಲಿ ಎಂಬತ್ತು ಹುಡುಗಿಯರಿಗೆ ಅಡುಗೆ ಮಾಡಿ ಬಂದೆ, ಬಟ್ಟೆ ಒಗೆದೆ, ಟಿ.ವಿ. ಗೇಮಿನ ಅಡಾಪ್ಟರ್ ಕಾದಿದೆಯೇನೋ ಎಂದು ಮೂರು ಸಲ ಮುಟ್ಟಿ ನೋಡಿದೆ. ದಿನ ಅಷ್ಟೇ.

ನಿಮಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ. ಜನವರಿ ಹನ್ನೊಂದಕ್ಕೆ ನಮ್ಮ ಮನೆಯವರು ಹೋದರು. ಮೊಸರು ತರಲು ಹೋದವರು ಹಾಲಿನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದರು. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾಲ್ಕು ವರ್ಷದಿಂದ ನಿಮಗೂ ಅವರಿಗೂ ಮಾತಿರಲಿಲ್ಲ. ಆಗ ನಾನು ನಡುವೆ ಬಂದವಳಲ್ಲ, ಈಗಲೂ ಅದನ್ನು ಎತ್ತುವುದಿಲ್ಲ. ನಿಮ್ಮ ನಂಬರಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ನಿಮಗೆ ಮಾತು ಹೊರಡುವುದಿಲ್ಲ ಎಂದು ಹೇಳಿ ನಮ್ಮ ಮನೆ ಮಾಲಕ ಬೂದೆಪ್ಪನವರು ರಾಯಚೂರಿನ ಈ ವಿಳಾಸ ಕೊಟ್ಟರು.

ನಿಮ್ಮಿಂದ ಒಂದು ಕೆಲಸ ಆಗಬೇಕು.

ನಮ್ಮ ಟಿ.ವಿ. ಗೇಮ್ ನಿಮಗೆ ನೆನಪಿರಬೇಕು. ಅಬಿಡ್ಸ್‌ನಲ್ಲಿ ಐತವಾರ ಫುಟ್‌ಪಾತ್ ಮೇಲೆ ಹಳೆಯ ಸಾಮಾನು ಹರಡುತ್ತಾರಲ್ಲ, ಅಲ್ಲಿ ಕೊಂಡ ಡಬ್ಬಿ. ಟ್ಯಾಂಕಿನ ಆಟ. ಅವರದು ಹಳದಿ, ನನ್ನದು ಹಸಿರು, ಇಬ್ಬರೂ ಸೇರಿ ಕೆಳಗಿನ ಕೋಟೆ ಕಾಯಬೇಕು. ಮಗಳು ಭಕ್ತಿ ಹುಟ್ಟುವ ಮೊದಲಿನಿಂದ, ಕೆಲಸದಿಂದ ಬಂದ ಮೇಲೆ ದಿನಾ ಒಂದು ತಾಸು ಆಡುತ್ತಿದ್ದೆವು. ಇಪ್ಪತ್ತಾರನೆಯ ಸ್ಟೇಜು ಎಂದೂ ದಾಟಿರಲಿಲ್ಲ. ಆ ಸಂಜೆ ಇಪ್ಪತ್ತೇಳಕ್ಕೆ ಬಂದಿದ್ದೆವು.

ಅವರು ಮೊಸರಿಗೆ ಏಳುವಾಗ ಸ್ಟಾರ್ಟ್ ಗುಂಡಿ ಒತ್ತಿ ಆಟ ನಿಲ್ಲಿಸಿದರು, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ತೆರೆಯ ಮೇಲೆ ಟ್ಯಾಂಕುಗಳು ನಿಂತಲ್ಲೇ ನಿಂತಿವೆ. ಅಂದಿನಿಂದ ನಾನು ಡಬ್ಬಿ ಆರಿಸಿಲ್ಲ. ಟಿ.ವಿ. ಆರಿಸುತ್ತೇನೆ, ಡಬ್ಬಿ ಚಾಲೂ ಇಡುತ್ತೇನೆ. ಆರಿಸಿದರೆ ಎಲ್ಲ ಅಳಿಸಿ ಒಂದನೆಯ ಸ್ಟೇಜಿನಿಂದ ಬರುತ್ತದೆ. ಕರೆಂಟ್ ಹೋದರೆ ಬೂದೆಪ್ಪನವರ ಇನ್ವರ್ಟರ್ ಮೂರು ತಾಸು ಎಳೆಯುತ್ತದೆ.

ಆ ಆಟ ನಾನು ಮುಗಿಸಬೇಕು. ಆದರೆ ಅವರ ರಿಮೋಟಿನ ಸ್ಟಾರ್ಟ್ ಗುಂಡಿ ಕೆಲಸ ಮಾಡುತ್ತಿಲ್ಲ. ನನ್ನ ರಿಮೋಟಿಗೆ ಆ ಗುಂಡಿಯೇ ಇಲ್ಲ. ವೈರು ನೇರ ಡಬ್ಬಿಯೊಳಗೆ ಹೋಗಿದೆ, ಕಿತ್ತು ಬೇರೆ ರಿಮೋಟ್ ಹಚ್ಚುವಂತಿಲ್ಲ. ಡಬ್ಬಿ ಆರಿಸದೆಯೇ ರಿಪೇರಿ ಆಗಬೇಕು. ನೀವಿಬ್ಬರೂ ದುಡಿದ ಕಾರ್ಖಾನೆಯಲ್ಲಿ ನಿಮ್ಮಷ್ಟು ಬೆಸುಗೆ ಹಾಕಿದವರಿಲ್ಲ ಎಂದು ಅವರೇ ಹೇಳುತ್ತಿದ್ದರು, ಜಗಳದ ನಂತರವೂ ಹೇಳುತ್ತಿದ್ದರು. ಬರಲು ಆಗುತ್ತದೆಯೇ?

ನಾಳೆ ಅಂಚೆಗೆ ಹಾಕುತ್ತೇನೆ.

ನಿಮ್ಮ ತಂಗಿ
ಅನ್ನಮ್ಮ


ರಾಯಚೂರು
12 ಫೆಬ್ರುವರಿ 2024

ತಂಗಿ ಅನ್ನಮ್ಮನಿಗೆ ಅಮರಯ್ಯನ ಆಶೀರ್ವಾದ.

ಸುದ್ದಿ ಗೊತ್ತಾಗಿತ್ತು. ಬರಬೇಕಿತ್ತು, ಬರಲಿಲ್ಲ. ಹುಲಗೇಶನ ಬಗ್ಗೆ ಏನು ಬರೆದರೂ ಸರಿಯಾಗುವುದಿಲ್ಲ, ಬಿಡುತ್ತೇನೆ. ಪ್ರಯಾಣ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಮಗಳ ಮನೆಯಲ್ಲಿದ್ದೇನೆ.

ಕೆಲಸದ ಮಾತು. ಡಬ್ಬಿ ಚಾಲೂ ಇಟ್ಟೇ ರಿಮೋಟ್ ಬಿಚ್ಚಬಹುದು. ಐದು ವೋಲ್ಟು, ಶಾಕ್ ಹೊಡೆಯುವುದಿಲ್ಲ. ಹಿಂದೆ ಆರು ಸ್ಕ್ರೂ ಇವೆ. ಬಿಚ್ಚಿದರೆ ಸರ್ಕ್ಯೂಟಿನ ಹಸಿರು ಪಟ್ಟಿ ಕಾಣುತ್ತದೆ, ಅದರ ಮೇಲೆ ರಬ್ಬರು. ಗುಂಡಿ ಒತ್ತಿದಾಗ ರಬ್ಬರಿನ ಕೆಳಗಿನ ಕಪ್ಪು ಬೊಟ್ಟು ಪಟ್ಟಿಗೆ ತಾಗಬೇಕು. ಆ ಬೊಟ್ಟು ಸವೆದರೆ ತಾಗುವುದಿಲ್ಲ. ಸ್ಟಾರ್ಟ್ ಗುಂಡಿಯ ಬೊಟ್ಟನ್ನು ಅರಿವೆಯಿಂದ ಒರೆಸಿ, ಮೆತ್ತನೆಯ ಪೆನ್ಸಿಲಿನಿಂದ ಕಪ್ಪು ತುಂಬು.

ಆಗಲೂ ಬಾರದಿದ್ದರೆ, ಪಟ್ಟಿಯ ನಡುವೆ ಹದಿನಾರು ಕಾಲಿನ ಒಂದು ಐಸಿ ಇದೆ, ಜರಿಹುಳದಂತೆ. ಅದರ ಎಡಗಡೆಯ ನಾಲ್ಕನೆಯ ಕಾಲಿನಿಂದ ಸ್ಟಾರ್ಟ್‌ವರೆಗೆ ಒಂದು ವೈರು ಬೆಸೆಯಬೇಕು. ಅದು ಜಪಾನಿನ ಮಾಲು, ಸುಲಭಕ್ಕೆ ಕೆಡುವಂಥದ್ದಲ್ಲ. ಪೆನ್ಸಿಲಿನಲ್ಲೇ ಆಗುತ್ತದೆ.

ಶುಭ ಕೋರುವ
ಅಮರಯ್ಯ


ಕುಷಾಯಿಗೂಡ
21 ಫೆಬ್ರುವರಿ 2024

ಅಣ್ಣನವರಿಗೆ,

ಮಧ್ಯಾಹ್ನ ಮೂರು ಗಂಟೆ. ಇವತ್ತು ರಜೆ ಹಾಕಿದೆ. ಬೆಳಗ್ಗೆ ಅಬಿಡ್ಸ್‌ಗೆ ಬಸ್ಸಿನಲ್ಲಿ ಹೋಗಿ ಬಂದೆ, ಹೋಗಿದ್ದು ವ್ಯರ್ಥ.

ಮೊದಲು ನಿಮ್ಮ ಪೆನ್ಸಿಲಿನ ಕಥೆ. ಸ್ಕ್ರೂ ಆರಲ್ಲ, ಐದು. ಬಿಚ್ಚಿದೆ. ಬೊಟ್ಟು ಒರೆಸಿದೆ, ಪೆನ್ಸಿಲ್ ತುಂಬಿದೆ, ಎರಡು ಸಲ ಮಾಡಿದೆ. ಆಗಲಿಲ್ಲ. ಐಸಿ ಹುಡುಕಿದೆ. ಅಣ್ಣಾ, ಇದರಲ್ಲಿ ಜರಿಹುಳವೂ ಇಲ್ಲ, ಕಾಲೂ ಇಲ್ಲ. ಪಟ್ಟಿ ಹಸಿರಲ್ಲ, ಕಂದು ಬಣ್ಣ. ನಡುವೆ ರಸ್ತೆಗೆ ಬಿದ್ದ ಡಾಂಬರಿನ ಹನಿಯಂಥದ್ದು ಒಂದು ಅಂಟಿದೆ, ಅಷ್ಟೇ. ನೀವು ಬೇರೆ ಯಾವುದೋ ರಿಮೋಟನ್ನು ನೆನಪಿಸಿಕೊಂಡು ಬರೆದಿದ್ದೀರಿ.

ಬೂದೆಪ್ಪನವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ನಾ ಮೂವತ್ತು ವರ್ಷ ಕಾರ್ಖಾನಿ ಗೇಟಿನ್ಯಾಗ ಮಂದಿ ಜೇಬು ನೋಡಿದಾಂವ ಬೇ ಅನ್ನಮ್ಮ. ಇದರ ಜೇಬು ಎಲ್ಲೈತಿ ಹೇಳು, ನೋಡ್ತೀನಿ" ಎಂದು ನಕ್ಕು ಹೋದರು.

ಅಬಿಡ್ಸ್‌ನ ರಿಪೇರಿ ಅಂಗಡಿಯವನಿಗೆ ಫೋಟೋ ತೋರಿಸಿದೆ. "ಚಾಲೂ ಮೇ ರಿಪೇರ್ ಕೌನ್ ಕರ್ತಾ ಅಮ್ಮಾ? ಬಂದ್ ಕರೋ, ಲೇಕೆ ಆವೋ" ಎಂದ, ಆರಿಸಿ ತೆಗೆದುಕೊಂಡು ಬಾ ಎಂದು. ಬಂದ್ ಮಾಡುವಂತಿಲ್ಲ, ಮನೆಗೆ ಬಾ ಎಂದೆ. ಕುಷಾಯಿಗೂಡ ಎಂದ ಕೂಡಲೇ ಪಕ್ಕದವನ ಕಡೆ ನೋಡಿ ನಕ್ಕ. "ಯೇ ಡಬ್ಬಾ ಕೇ ವಾಸ್ತೇ?" ಎಂದ, ಈ ಡಬ್ಬಿಗೋಸ್ಕರ ಅಷ್ಟು ದೂರವೇ ಎಂಬಂತೆ. ಫೋನ್ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ.

ಭಕ್ತಿ ಗಚ್ಚಿಬೌಲಿಯ ದವಾಖಾನೆಯ ಬಿಲ್ ಕೌಂಟರಿನಲ್ಲಿದ್ದಾಳೆ. ನಿನ್ನೆ ರಾತ್ರಿ ಫೋನಿನಲ್ಲಿ, "ಅವ್ವಾ, ಅಪ್ಪ ಆ ಡಬ್ಬ್ಯಾಗ ಕುಂತಾನೇನು? ಆರಿಸಿಬಿಡ" ಎಂದಳು. "ನೀ ಒಂದು ದಿನ ನಿನ್ನ ಮೊಬೈಲ ಆರಿಸಿ ತೋರಿಸು, ನಾ ಇದನ್ನ ಆರಿಸ್ತೀನಿ" ಎಂದೆ. ಅವಳು ಫೋನ್ ಇಟ್ಟಳು.

ಸರಿಯಾಗಿ ನೆನಪಿಸಿಕೊಂಡು ಬರೆಯಿರಿ. ನಾಳೆಯಿಂದ ಮತ್ತೆ ಕೆಲಸ.

ಅನ್ನಮ್ಮ


ರಾಯಚೂರು
1 ಮಾರ್ಚ್ 2024

ತಂಗಿ ಅನ್ನಮ್ಮನಿಗೆ,

ನನ್ನ ನೆನಪು ಸರಿಯಾಗಿದೆ. ಆ ರಿಮೋಟನ್ನು ನಾನು ಹತ್ತು ಸಲವಾದರೂ ಬಿಚ್ಚಿದ್ದೇನೆ. ಬೆಳಕಿನಲ್ಲಿ ನೋಡು. ಪಟ್ಟಿಯ ಮೇಲೆ ಧೂಳು ಕೂತು ಕಂದು ಕಾಣುತ್ತಿರಬೇಕು. ತಿರುವಿ ಹಾಕಿ ನೋಡು, ಐಸಿ ಆ ಕಡೆ ಇರಬಹುದು.

ಪಾರ್ಸೆಲಿನಲ್ಲಿ ನನ್ನ ಹಳೆಯ ಸೋಲ್ಡರಿಂಗ್ ಐರನ್, ಸ್ವಲ್ಪ ಸೀಸದ ತಂತಿ, ಎರಡು ಗೇಣು ವೈರು ಕಳಿಸಿದ್ದೇನೆ. ಒಂದು ಮಾತು ಗಟ್ಟಿಯಾಗಿ ನೆನಪಿಡು. ಚಾಲೂ ಇರುವ ಪಟ್ಟಿಗೆ ಕರೆಂಟಿನಲ್ಲಿರುವ ಐರನ್ ಮುಟ್ಟಿಸಬಾರದು. ಮುಟ್ಟಿಸಿದರೆ ಆಟ ಅಲ್ಲೇ ಕೆಡಬಹುದು. ಐರನ್ ಚೆನ್ನಾಗಿ ಕಾಯಿಸು, ಪ್ಲಗ್ ಕಿತ್ತುಬಿಡು, ಉಳಿದ ಕಾವಿನಲ್ಲೇ ಬೆಸೆ. ಒಂದು ಬೆಸುಗೆಗೆ ಇಪ್ಪತ್ತು ಸೆಕೆಂಡು ಸಿಗುತ್ತದೆ. ಕಾರ್ಖಾನೆಯಲ್ಲಿ ನಾಜೂಕಿನ ಕೆಲಸಕ್ಕೆ ನಾವು ಹೀಗೇ ಮಾಡುತ್ತಿದ್ದೆವು. ಮೊದಲು ಹಳೆಯ ತಗಡಿನ ಮೇಲೆ ಅಭ್ಯಾಸ ಮಾಡು.

ಅವಸರ ಬೇಡ.

ಅಮರಯ್ಯ


ಕುಷಾಯಿಗೂಡ
14 ಮಾರ್ಚ್ 2024

ಅಣ್ಣನವರಿಗೆ,

ಸಂಜೆ ಏಳು ಗಂಟೆ. ಹಾಸ್ಟೆಲಿನಲ್ಲಿ ಗ್ಯಾಸ್ ತಡವಾಗಿ ಬಂತು, ವಾರ್ಡನ್ ಹತ್ತಿರ ಬೈಸಿಕೊಂಡೆ. ಮನೆಗೆ ಬಂದು ಹೆಬ್ಬೆರಳಿಗೆ ಮುಲಾಮು ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಅವಸರ ಬೇಡ ಎನ್ನುತ್ತೀರಿ. ಬೂದೆಪ್ಪನವರು ಕರೆಂಟಿನವರ ಸುದ್ದಿ ತಂದಿದ್ದಾರೆ. ನಮ್ಮ ಗಲ್ಲಿಯ ಕೇಬಲ್ ಪೂರಾ ಬದಲಿಸುತ್ತಾರಂತೆ. ಏಪ್ರಿಲ್ ಇಪ್ಪತ್ತರ ಬೆಳಗ್ಗೆ ಹತ್ತಕ್ಕೆ ಹೋದ ಕರೆಂಟು ಮರುದಿನ ಸಂಜೆಗೆ ಬರುತ್ತದೆ. ಮೂರು ತಾಸಿನ ಇನ್ವರ್ಟರಿನಿಂದ ಏನಾಗುತ್ತದೆ? ನನಗಿರುವುದು ಐದು ವಾರ.

ಹಳೆಯ ಡಬ್ಬದ ಮುಚ್ಚಳದ ಮೇಲೆ ಒಂಬತ್ತು ದಿನ ಬೆಸುಗೆ ಕಲಿತೆ. ಈಗ ಬರುತ್ತದೆ, ಹನಿ ಗುಂಡಗೆ ಹೊಳೆಯುತ್ತದೆ. ಕಾಯಿಸಿ ಪ್ಲಗ್ ಕೀಳುವುದೂ ರೂಢಿಯಾಗಿದೆ. ಆದರೆ ಎಲ್ಲಿಗೆ ಬೆಸೆಯಲಿ? ಒರೆಸಿದೆ, ತಿರುವಿದೆ, ಟಾರ್ಚ್ ಹಿಡಿದೆ. ಕಂದು ಎಂದರೆ ಕಂದೇ. ನಾನು ಎಂಟನೆಯ ಈಯತ್ತೆ ಓದಿದವಳು, ಧೂಳು ಯಾವುದು ಬಣ್ಣ ಯಾವುದು ಎಂದು ತಿಳಿಯುತ್ತದೆ. ನಿಮಗೆ ಹೇಳಿ ಹೇಳಿ ಸಾಕಾಗಿದೆ. ನಾನು ಕಂಡದ್ದನ್ನು ನೀವು ನಂಬುವುದಿಲ್ಲ, ನೀವು ಬಂದು ನೋಡುವುದಿಲ್ಲ.

ಪಟ್ಟಿಯ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೇನೆ, ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ ಹಾಗೆ. ಇದರೊಳಗೆ ಇಟ್ಟಿದ್ದೇನೆ. ಈಗಲಾದರೂ ನೋಡಿ ಹೇಳಿ.

ಇನ್ನೊಂದು ಮಾತು. ಗುಂಡಿ ತಾನಾಗಿ ಕೆಟ್ಟಿತೆಂಬಂತೆ ಬರೆದಿದ್ದೆ. ಹಾಗಲ್ಲ. ಆ ಸಂಜೆ ನಾನು ಮೊಸರಿಲ್ಲ ಎಂದೆ. "ಇನ್ನ ಏಳ ಟ್ಯಾಂಕ್ ಉಳದಾವ, ಮುಗಿಸಿ ಹೊಕ್ಕೀನಿ" ಎಂದರು. "ಮೊದಲ ಹೋಗ್ರಿ, ಅಂಗಡಿ ಮುಚ್ಚತೈತಿ. ಮುದುಕಾದರೂ ಆಟ ಬಿಡೂದಿಲ್ಲ" ಎಂದೆ. ಅವರು ಸ್ಟಾರ್ಟ್ ಒತ್ತಿ ರಿಮೋಟನ್ನು ಮಂಚದ ಮೇಲೆ ಒಗೆದರು. ಅದು ಜಾರಿ ನೆಲಕ್ಕೆ ಬಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ಏಳು ಟ್ಯಾಂಕು ಮುಗಿಸಬೇಕು, ಬೇರೇನೂ ಇಲ್ಲ. ಭಕ್ತಿಗೆ ಇದನ್ನು ಹೇಳಿಲ್ಲ.

ನಾಳೆ ಮುಂಜಾನೆಯೇ ಪೋಸ್ಟಿಗೆ ಹಾಕುತ್ತೇನೆ. ಬೇಗ ಬರೆಯಿರಿ.

ಅನ್ನಮ್ಮ


ಕುಷಾಯಿಗೂಡ
6 ಏಪ್ರಿಲ್ 2024

ಅಮರಯ್ಯನವರಿಗೆ,

ಬೆಳಗಿನ ಹನ್ನೊಂದು. ಇವತ್ತೂ ಅಂಚೆಯವನು ಬಂದು ಹೋದ, ನಿಮ್ಮ ಪತ್ರ ಇಲ್ಲ. ಮೂರು ವಾರ ಆಯಿತು.

ಬಿಸಿಲು ಏರಿದೆ. ಅಡಾಪ್ಟರ್ ಮುಟ್ಟಿದರೆ ಸುಡುತ್ತದೆ. ಒದ್ದೆ ಅರಿವೆಯ ಮೇಲೆ ಸ್ಟೀಲ್ ತಾಟು ಬೋರಲು ಹಾಕಿ ಅದರ ಮೇಲಿಟ್ಟಿದ್ದೇನೆ. ಹಾಸ್ಟೆಲಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೈ ಅಲ್ಲಿ, ಜೀವ ಇಲ್ಲಿ.

ಬೂದೆಪ್ಪನವರು, "ಅಮರಯ್ಯ ಬರೆಯೂದಿಲ್ಲ ಬಿಡವ್ವ. ಹುಲಗೇಶ ಅವಗ ಟೀ ಅಂಗಡ್ಯಾಗ ಹತ್ತು ಮಂದಿ ಮುಂದ ಕಳ್ಳ ಅಂದಿದ್ದ. ಜಂಗಮರ ಸಿಟ್ಟು ಅದು, ಇಳಿಯೂದಿಲ್ಲ" ಎಂದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ನಾನೇನು ಮಾಡಿದ್ದೆ? ಆಗುವುದಿಲ್ಲ ಎಂದಾದರೂ ಬರೆಯಿರಿ. ಸುಮ್ಮನೆ ಕಾಯಿಸಬೇಡಿ.

ಏಪ್ರಿಲ್ ಇಪ್ಪತ್ತು ಗಟ್ಟಿ. ಗಲ್ಲಿಯಲ್ಲಿ ಕೇಬಲ್ ಸುರುಳಿ ತಂದು ಇಳಿಸಿದ್ದಾರೆ.

ಅನ್ನಮ್ಮ


ರಾಯಚೂರು
15 ಏಪ್ರಿಲ್ 2024

ತಂಗಿ ಅನ್ನಮ್ಮ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮೊದಲು ಕೆಲಸ ಹೇಳುತ್ತೇನೆ, ಮುಂದಿನದನ್ನು ನೀನು ಓದದಿದ್ದರೂ ನಡೆಯುತ್ತದೆ.

ನಿನ್ನ ಅಚ್ಚಿನಲ್ಲಿ ಸ್ಟಾರ್ಟ್ ಗುಂಡಿಯ ಬಲಗಡೆ ಸ್ಕ್ರೂ ಹಾಕುವ ತೂತು ಇದೆ. ಅದರ ಪಕ್ಕದಲ್ಲಿ ಪಟ್ಟಿ ಕೂದಲೆಳೆಯಷ್ಟು ಬಿರಿದಿದೆ. ಬಿದ್ದಾಗ ಬಿರಿದಿದ್ದು. ಈ ಜಾತಿಯ ಪಟ್ಟಿಗಳೆಲ್ಲ ಅಲ್ಲೇ ಬಿರಿಯುತ್ತವೆ. ಬಿರುಕಿನ ಆ ಕಡೆ ಒಂದು ತವರದ ಚುಕ್ಕೆ, ಈ ಕಡೆ ಒಂದು ಚುಕ್ಕೆ. ಎರಡಕ್ಕೂ ಕೆಂಪು ಮಸಿಯಲ್ಲಿ ಗುರುತು ಹಾಕಿ ಅಚ್ಚನ್ನು ವಾಪಸ್ ಇಟ್ಟಿದ್ದೇನೆ. ಬೆಸುಗೆ ಬೇಡ, ಐರನ್ ಬೇಡ. ಒಂದು ಸೇಫ್ಟಿ ಪಿನ್ ಬಿಡಿಸಿ ಎರಡು ಚುಕ್ಕೆಗಳಿಗೂ ತಾಗಿಸಿ ಹಿಡಿ, ಗುಂಡಿ ಒತ್ತು. ಆಟ ಶುರುವಾಗುತ್ತದೆ.

ಇದು ಐದು ನಿಮಿಷದ ಕೆಲಸವಾಗಿತ್ತು. ನಿನ್ನ ಎರಡನೆಯ ಪತ್ರ ಓದಿದ ದಿನವೇ ನನಗೆ ಗೊತ್ತಿತ್ತು.

ಹುಲಗೇಶ ನನ್ನನ್ನು ಕಳ್ಳ ಎಂದದ್ದು ನಿಜವೇ. ಗಚ್ಚಿಬೌಲಿಯ ಒಬ್ಬರು ಹಳೆಯ ಟಿ.ವಿ. ಗೇಮುಗಳನ್ನು ಕೂಡಿಡುವವರು. ಅವರಿಗೆ ಜಪಾನಿನ ಹಸಿರು ಪಟ್ಟಿಯೇ ಬೇಕಾಗಿತ್ತು, ಎಲ್ಲಿಯೂ ಸಿಗುತ್ತಿರಲಿಲ್ಲ. ಅದೇ ವಾರ ಹುಲಗೇಶ ವೈರು ಸಡಿಲಾಗಿದೆ ಎಂದು ನಿಮ್ಮ ಡಬ್ಬಿ ತಂದಿದ್ದ. ನಾನು ಅವನ ರಿಮೋಟಿನ ಹಸಿರು ಪಟ್ಟಿ ತೆಗೆದು ಅವರಿಗೆ ಹಾಕಿಕೊಟ್ಟೆ, ನಿಮ್ಮದರಲ್ಲಿ ಅಗ್ಗದ ಕಂದು ಪಟ್ಟಿ ಕೂರಿಸಿದೆ. ಮೇಲಿನ ಚಿಪ್ಪು ಅದೇ, ಗುಂಡಿ ಅದೇ. ಸಂಜೆ ಒಂದು ತಾಸು ಆಡುವವರಿಗೆ ಏನು ತಿಳಿಯುತ್ತದೆ ಎಂದುಕೊಂಡೆ.

ಅವನಿಗೆ ಒಂದೇ ಸಂಜೆಯಲ್ಲಿ ತಿಳಿಯಿತು. ಮರುದಿನ ಟೀ ಅಂಗಡಿಯಲ್ಲಿ, "ಅಯ್ಯಾ, ರಿಮೋಟ್ ನಂದಲ್ಲ. ಹೆಬ್ಬೆಟ್ಟು ಹೇಳಾಕತ್ತೈತಿ. ನೀ ಒಳಗಿಂದು ಕದ್ದೀ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಹೌದಪ್ಪ ಎಂದುಬಿಟ್ಟಿದ್ದರೆ ಅವನು ಬೈದು, ನಕ್ಕು, ಟೀ ಕುಡಿಸುತ್ತಿದ್ದ. ನಾನು ಕೊರಳಿನ ಲಿಂಗ ಕೈಯಲ್ಲಿ ಹಿಡಿದು, ಅದೇ ಪಟ್ಟಿ, ಬದಲಿಸಿಲ್ಲ ಎಂದು ಆಣೆ ಮಾಡಿದೆ. ಲಿಂಗ ಹಿಡಿದು ಆಡಿದ ಮಾತು, ಅವನು ಮುಂದೆ ಏನೂ ಕೇಳಲಿಲ್ಲ. ನನ್ನ ಜೊತೆ ಮಾತೂ ಬಿಟ್ಟ.

ಆ ಆಣೆಯ ಮೇಲೆ ನಾಲ್ಕು ವರ್ಷ ನಿಂತೆ. ನಿನಗೆ ಬರೆಯುವಾಗಲೂ ಇಳಿಯಲು ಆಗಲಿಲ್ಲ. ಅದರಲ್ಲಿ ಹಸಿರು ಪಟ್ಟಿಯೇ ಇದೆ ಎಂಬಂತೆ ಬರೆದೆ, ಪೆನ್ಸಿಲಿನಲ್ಲಿ ಸರಿಹೋಗಲಿ ಎಂದು ಬೇಡಿಕೊಂಡೆ. ನೀನು ಬೆರಳು ಸುಟ್ಟುಕೊಂಡೆ. ಅಚ್ಚು ಬಂದ ಮೇಲೆ ಸುಳ್ಳಿಗೆ ಜಾಗ ಉಳಿಯಲಿಲ್ಲ.

ಹಸಿರು ಪಟ್ಟಿ ಇದ್ದಿದ್ದರೆ ಬಿದ್ದರೂ ಬಿರಿಯುತ್ತಿರಲಿಲ್ಲ. ಅದನ್ನೂ ಹೇಳಬೇಕು, ಹೇಳಿದ್ದೇನೆ.

ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಇಪ್ಪತ್ತರೊಳಗೆ ಮುಟ್ಟಲಿ.

ಅಮರಯ್ಯ


ಕುಷಾಯಿಗೂಡ
19 ಏಪ್ರಿಲ್ 2024

ಅಮರಯ್ಯನವರಿಗೆ,

ಸಂಜೆ ಏಳೂವರೆ. ನಿಮ್ಮ ಪತ್ರ ಮಧ್ಯಾಹ್ನ ಎರಡಕ್ಕೆ ಬಂತು. ಭಕ್ತಿಯೂ ಬಂದಿದ್ದಾಳೆ, ನಾಳೆ ಡಬ್ಬಿ ಆರುವ ಹೊತ್ತಿಗೆ ನಾನು ಒಬ್ಬಳೇ ಇರಬಾರದೆಂದು. ಈಗ ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾಳೆ.

ಪತ್ರ ಓದಿ ಹರಿದು ಒಲೆಗೆ ಹಾಕಬೇಕೆನಿಸಿತು. ಪಿನ್ ಹೇಗೆ ಹಿಡಿಯಬೇಕೆಂಬುದು ಅದರಲ್ಲೇ ಇತ್ತು, ಹರಿಯಲಿಲ್ಲ.

ಭಕ್ತಿ ಪಿನ್ ಹಿಡಿದಳು. ನಾನು ಅವರ ಗುಂಡಿ ಒತ್ತಿ, ಬೇಗ ನನ್ನ ರಿಮೋಟ್ ತೆಗೆದುಕೊಂಡೆ. ಆ ಕಿರಿಕಿರಿ ಸದ್ದು ತೊಂಬತ್ತೊಂಬತ್ತು ದಿನದ ನಂತರ ಮನೆಯಲ್ಲಿ ಕೇಳಿತು. ಭಕ್ತಿ, "ಅವ್ವಾ, ಬಲಕ್ಕ! ಬಲಕ್ಕ ಬಂತು!" ಎಂದು ಕೂಗಿದಳು, ಆರು ವರ್ಷದವಳಿದ್ದಾಗ ಕೂಗುತ್ತಿದ್ದ ಹಾಗೆ. ಹಳದಿ ಟ್ಯಾಂಕು ನಿಂತೇ ಇತ್ತು. ಹೊಡೆತ ತಿಂದಿತು, ಹೋಯಿತು. ಅವರಿಗೆ ಇನ್ನೂ ಎರಡು ಜೀವ ಇದ್ದವು. ಮತ್ತೆ ಹುಟ್ಟಿ ಕೋಟೆಯ ಎಡಕ್ಕೆ ಬಂದು ನಿಂತಿತು. ಎಡಗಡೆಯಿಂದ ಕೋಟೆಗೆ ಬರುತ್ತಿದ್ದ ಗುಂಡುಗಳೆಲ್ಲ ಅದಕ್ಕೇ ಬಿದ್ದವು. ಮತ್ತೆ ಹೋಯಿತು, ಮತ್ತೆ ಬಂತು. ಆ ಕಡೆ ನಾನು ನೋಡುವ ಕೆಲಸವೇ ಇರಲಿಲ್ಲ. ಬಲಗಡೆಯದನ್ನು ನಾನು ನೋಡಿಕೊಂಡೆ. ಹಳದಿಯ ಕೊನೆಯ ಜೀವ ಹೋದಾಗ ಒಂದೇ ಟ್ಯಾಂಕು ಉಳಿದಿತ್ತು. ಅದನ್ನೂ ಹೊಡೆದೆ.

ಸ್ಟೇಜು ಮುಗಿದ ಮೇಲೆ ಯಾರು ಎಷ್ಟು ಹೊಡೆದರೆಂದು ತೆರೆ ತೋರಿಸುತ್ತದೆ, ನಿಮಗೆ ಗೊತ್ತು. ನಾನು ಮರೆತೇಬಿಟ್ಟಿದ್ದೆ. ಬಲಕ್ಕೆ ನನ್ನದು ಹನ್ನೊಂದು. ಎಡಕ್ಕೆ ಅವರದು ಒಂಬತ್ತು. ಮೊಸರಿಗೆ ಏಳುವ ಮೊದಲು ಅವರು ಒಂಬತ್ತು ಹೊಡೆದಿದ್ದರು, ಆಗ ನನ್ನದು ನಾಲ್ಕೇ. ಇಪ್ಪತ್ತೇಳನೆಯ ಸ್ಟೇಜಿನಲ್ಲಿ ಒಂಬತ್ತು ಎಂದರೆ ಏನೆಂದು ಭಕ್ತಿಗೆ ತಿಳಿಯುವುದಿಲ್ಲ, ಬೂದೆಪ್ಪನವರಿಗೆ ತಿಳಿಯುವುದಿಲ್ಲ. ನಿಮಗೆ ತಿಳಿಯುತ್ತದೆ, ಅದಕ್ಕೇ ಬರೆದೆ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಆಣೆಯ ಮಾತು ನೀವುಂಟು, ನಿಮ್ಮ ಲಿಂಗ ಉಂಟು.

ಆ ಏಳು ಟ್ಯಾಂಕು ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ, ಭಕ್ತಿ ಗಡಿಯಾರ ನೋಡಿದ್ದಳು. ಹಾಲಿನ ಅಂಗಡಿ ಒಂಬತ್ತರವರೆಗೆ ತೆರೆದಿರುತ್ತದೆ. ಅಂದು ನಾನು ಅವರನ್ನು ಎಬ್ಬಿಸಿದಾಗ ಏಳೂ ಇಪ್ಪತ್ತು. ಹೋಗುವ ಜೀವ ಹೋಗುತ್ತಿತ್ತು ಎಂದು ಭಕ್ತಿ ಹೇಳುತ್ತಾಳೆ. ಇರಬಹುದು. ನಾಲ್ಕು ನಿಮಿಷ ಬಿಡಬೇಕಿತ್ತು.

ಇಪ್ಪತ್ತೆಂಟರಲ್ಲಿ ಹಸಿರು ಒಂದೇ ಇತ್ತು. ಬೇಗ ಕೋಟೆ ಹೋಯಿತು. ಡಬ್ಬಿಯನ್ನು ನಾನೇ ಆರಿಸಿದೆ.

ನಾಳೆ ಶನಿವಾರ, ಹಾಸ್ಟೆಲಿನಲ್ಲಿ ಬೆಳಗಿನ ಪಾಳಿ. ಐದೂವರೆಗೆ ಮನೆ ಬಿಡಬೇಕು.

ಅನ್ನಮ್ಮ